ನಾಲ್ಕು ತಾಲ್ಲೂಕುಗಳ ಸೂಟಿ

ಧಾರವಾಡದ ನಮ್ಮ ಓಣಿಯಿಂದ ಬೇಸಿಗೆ ಸೂಟಿಗೆ ವಿಲಾಯತಿಗೆ ಹೋಗಿಬರುವವರು ಈಗ ಅಪರೂಪವಲ್ಲ. ಮಗನೋ ಮಗಳೋ ಅಲ್ಲಿ ನೌಕರಿಯಲ್ಲಿರುತ್ತಾರೆ, ಟಿಕೇಟು ಕಳಿಸುತ್ತಾರೆ, ಇವರು ಚಟ್ನಿಪುಡಿ ಕಟ್ಟಿಕೊಂಡು ಹೊರಡುತ್ತಾರೆ. ನಮ್ಮ ನೆರೆಮನೆಯ ಗಂಡಹೆಂಡತಿ ಹಾಗೆಯೇ ಹೋಗಿ ಇಂಗ್ಲೆಂಡು, ಸ್ಕಾಟ್ಲೆಂಡು, ಐರ್ಲೆಂಡು ಎಲ್ಲ ಸುತ್ತಿ ಬಂದರು. ಬಂದ ವಾರವೇ ನಮ್ಮನ್ನು ಚಹಾಕ್ಕೆ ಕರೆದು ಫೋಟೋ ತೋರಿಸಿದರು. ಚರ್ಚುಗಳು, ಕೋಟೆಗಳು, ಹಸಿರು ಗುಡ್ಡ, ಗುಡ್ಡದ ತುಂಬ ಕುರಿ. ಕುರಿ ನೋಡಿ ನನ್ನ ಹೆಂಡತಿ, "ನಮ್ಮ ರಾಣೇಬೆನ್ನೂರ ಕಡೆನೂ ಇಷ್ಟ ಕುರಿ ಅದಾವು" ಎಂದದ್ದು ಅವರಿಗೆ ಅಷ್ಟು ಹಿಡಿಸಲಿಲ್ಲ.

ಆದರೆ ಒಂದು ಫೋಟೋದ ಮುಂದೆ ಆಕೆ ಸುಮ್ಮನಾದಳು. ಬೆಲ್‌ಫಾಸ್ಟ್ ಪಟ್ಟಣದ ಒಂದು ಗೋಡೆ. ಒಂದೇ ಏಸುವನ್ನು ನಂಬುವ ಎರಡು ಪಂಗಡಗಳ ಮನೆಗಳ ನಡುವೆ ಎದ್ದು ನಿಂತದ್ದು. ಇಂಥ ಗೋಡೆಗಳನ್ನು ಕಟ್ಟಲು ತೊಡಗಿದ್ದು 1969ರಲ್ಲಿ, ಗಲಭೆ ತಡೆಯಲೆಂದು, ಕೆಲವು ದಿನದ ಮಟ್ಟಿಗೆಂದು. 1998ರಲ್ಲಿ ಒಪ್ಪಂದವಾಯಿತು, ಕೊಲೆಗಳು ಬಹುಮಟ್ಟಿಗೆ ನಿಂತವು, ಆದರೂ ಹಲವು ಗೋಡೆಗಳು ನಿಂತೇ ಇವೆ. ಕೆಲವು ಕಡೆ ಬಾಗಿಲುಗಳಿದ್ದು ರಾತ್ರಿ ಅವನ್ನು ಹಾಕುತ್ತಾರಂತೆ. ನೆರೆಮನೆಯವರು ಮುಂದಿನ ಫೋಟೋಕ್ಕೆ ಹೋಗಿಬಿಟ್ಟರು. ನನ್ನ ಹೆಂಡತಿ ಮಾತ್ರ ಮನೆಗೆ ಬಂದ ಮೇಲೂ ಆ ಗೋಡೆಯನ್ನೇ ಹಿಡಿದು ಕೂತಳು.

ಅದಕ್ಕೆ ಕಾರಣವಿತ್ತು. ಆಕೆ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು, ನಾನು ಇತಿಹಾಸ ಕಲಿಸಿದವನು. ಆಕೆಯ ಜೊತೆ ಗಣಿತ ಕಲಿಸುತ್ತಿದ್ದ ಜೈನ ಗೆಳತಿಯೊಬ್ಬರಿದ್ದರು. ಬುತ್ತಿ ಹಂಚಿ ತಿನ್ನುವ ಗೆಳೆತನ. ಸಂಜೆ ಹೊತ್ತು ಮುಳುಗುವ ಮೊದಲೇ ಅವರ ಊಟ ಮುಗಿಯಬೇಕೆಂದು ನಮ್ಮ ಮನೆಯಲ್ಲಿ ಎಷ್ಟೋ ಸಲ ಐದು ಗಂಟೆಗೇ ಒಲೆ ಹೊತ್ತಿದೆ. ಒಮ್ಮೆ ನನ್ನ ಹೆಂಡತಿ ಹರಿಹರನ ರಗಳೆಗಳ ವಿಷಯ ಹೇಳುತ್ತ, ಏಕಾಂತದ ರಾಮಯ್ಯ ಅಬಲೂರಿನಲ್ಲಿ ತಲೆ ಅರಿದುಕೊಟ್ಟು ಮರಳಿ ಪಡೆದ ಕಥೆಯನ್ನು ವರ್ಗದಲ್ಲಿ ಬಣ್ಣಿಸಿ ಹೊರಬಂದಾಗ, ಪಕ್ಕದ ವರ್ಗದಲ್ಲಿದ್ದ ಆ ಗೆಳತಿ ನಗುತ್ತಲೇ ಕೇಳಿದರಂತೆ: "ಅಕ್ಕೋರ, ಆ ಕಥೀಯೊಳಗ ಒಡೆದು ಹೋದದ್ದು ನಮ್ಮ ದೇವರಲ್ಲೇನ್ರಿ?" ಜಗಳದ ಮಾತಲ್ಲ ಅದು. ಉತ್ತರವನ್ನೂ ಅವರು ಕಾಯಲಿಲ್ಲ, ಗಂಟೆ ಬಾರಿಸಿತು. ನಾವಾದರೋ ಈ ಕಥೆಯನ್ನು ಶ್ರಾವಣದ ಪುರಾಣದಲ್ಲಿ ಕೇಳಿ ಕೈಮುಗಿದು ಬೆಳೆದವರು. ಇಬ್ಬರೂ ನಿವೃತ್ತರಾದರು, ಗೆಳತಿ ಬೆಳಗಾವಿಗೆ ಮಗನ ಮನೆಗೆ ಹೋದರು, ಪ್ರಶ್ನೆ ನಮ್ಮ ಮನೆಯಲ್ಲಿ ಉಳಿಯಿತು. "ವಿಲಾಯತಿ ಇರಲಿ, ಅಬಲೂರರೆ ನೋಡೋಣ ನಡೀರಿ" ಎಂದಳು ಹೆಂಡತಿ.

ಅಬಲೂರಿಗೆಂದು ಹೊರಟದ್ದು ಐದು ದಿನದ ಸುತ್ತಾಟವಾಯಿತು. ಶಿಗ್ಗಾಂವಿ, ಸವಣೂರು, ಹಾನಗಲ್, ಹಿರೇಕೆರೂರು ಎಂದು ನಾಲ್ಕು ತಾಲ್ಲೂಕು. 1997ರ ಆಗಸ್ಟ್ 24ರಂದು ಹಾವೇರಿ ಜಿಲ್ಲೆ ಬೇರೆಯಾಗುವ ತನಕ ಇವೆಲ್ಲ ನಮ್ಮ ಧಾರವಾಡ ಜಿಲ್ಲೆಯವೇ. ಸ್ವಂತ ಜಿಲ್ಲೆಯ ಊರುಗಳನ್ನು ಯಾರು ನೋಡಲು ಹೋಗುತ್ತಾರೆ? ಮದುವೆಗೆ ಹೋಗುತ್ತಾರೆ, ಮಣ್ಣಿಗೆ ಹೋಗುತ್ತಾರೆ, ಕನ್ಯಾ ನೋಡಲು ಹೋಗುತ್ತಾರೆ. ಬಸ್ಸಿನಲ್ಲೇ ಹೋಗುವುದೆಂದು ತೀರ್ಮಾನವಾಯಿತು. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಟಿಕೇಟು ಇಲ್ಲವಾದ್ದರಿಂದ ಈ ಪ್ರವಾಸದಲ್ಲಿ ರೊಕ್ಕ ಕೊಟ್ಟವನು ನಾನೊಬ್ಬನೇ, ಕಿಟಕಿ ಪಕ್ಕದ ಸೀಟು ಮಾತ್ರ ಐದೂ ದಿನ ಆಕೆಯದೇ.

ಮೊದಲು ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳ. ಶರೀಫರ ಹುಟ್ಟೂರು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಈ ಸಂತನ ಪದಗಳು ನಮ್ಮ ಸೀಮೆಯಲ್ಲಿ ಭಜನಾ ಮೇಳಗಳ ಬಾಯಲ್ಲಿ ಮೊದಲಿನಿಂದಲೂ ಇದ್ದವು. ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ ಅವರ ದನಿಯಲ್ಲಿ ಅವು ನಾಡಿಗೆಲ್ಲ ಮುಟ್ಟಿದವು. 1990ರಲ್ಲಿ ನಾಗಾಭರಣರ ಸಿನಿಮಾ ಬಂದ ಮೇಲಂತೂ ಬೆಂಗಳೂರಿನವರಿಗೂ ಶಿಶುನಾಳ ಎಂಬ ಊರಿದೆಯೆಂದು ಗೊತ್ತಾಯಿತು. ಕಳಸದ ಗೋವಿಂದಭಟ್ಟರು ಈ ಮುಸಲ್ಮಾನ ಹುಡುಗನನ್ನು ಶಿಷ್ಯನನ್ನಾಗಿ ಮಾಡಿಕೊಂಡದ್ದು, ಎರಡೂ ಕಡೆಯವರು ಮುಖ ತಿರುವಿದ್ದು, ಗುರು ತನ್ನ ಜನಿವಾರವನ್ನೇ ಶಿಷ್ಯನಿಗೆ ಹಾಕಿದ್ದು, ಇವೆಲ್ಲ ಜನ ಹೇಳುತ್ತ ಬಂದ ಕಥೆಗಳು. ಹುಲಗೂರಿನ ಖಾದರ ಷಾ ವಲಿಯ ಆಶೀರ್ವಾದದಿಂದ ಮಗ ಹುಟ್ಟಿದನೆಂದು ತಂದೆತಾಯಿ ನಂಬಿದ್ದರಂತೆ.

ಗದ್ದುಗೆಯ ಹತ್ತಿರ ಒಂದು ಬೇವಿನ ನೆರಳಲ್ಲಿ ಕೂತಿದ್ದೆವು. ಒಂದು ಕುಟುಂಬ ಸಕ್ಕರೆ ಓದಿಸಿಕೊಂಡು ಹೋಯಿತು, ಅದರ ಹಿಂದೆಯೇ ಇನ್ನೊಂದು ಕುಟುಂಬ ಕಾಯಿ ಒಡೆಸಿಕೊಂಡು ಹೋಯಿತು. ಯಾರೂ ಯಾರನ್ನೂ ದಿಟ್ಟಿಸಲಿಲ್ಲ. ಇದನ್ನು ನೋಡಿ "ಭಾವೈಕ್ಯ" ಎಂಬ ಭಾಷಣದ ಶಬ್ದವನ್ನು ಬಳಸಲು ನನಗೆ ಮನಸ್ಸಾಗುವುದಿಲ್ಲ. ಆ ಶಬ್ದದಲ್ಲಿ ಒಂದು ಬಗೆಯ ಪ್ರಯತ್ನದ ವಾಸನೆಯಿದೆ. ಇಲ್ಲಿ ಪ್ರಯತ್ನವೇ ಕಾಣಲಿಲ್ಲ. ಬಿಸಿಲು ಜೋರಿತ್ತು, ಎಲ್ಲರಿಗೂ ನೆರಳು ಬೇಕಿತ್ತು. "ಇಲ್ಲೆ ಗ್ವಾಡಿ ಇಲ್ಲ ನೋಡ್ರಿ" ಎಂದಳು ಹೆಂಡತಿ. ಬೆಲ್‌ಫಾಸ್ಟ್ ಅವಳ ತಲೆಯಿಂದ ಇಳಿದಿರಲಿಲ್ಲ. ಶರೀಫ ಮತ್ತು ಗೋವಿಂದಭಟ್ಟರ ಕಾಲದಲ್ಲಿ ಗೋಡೆ ಇತ್ತು, ಅದಕ್ಕೇ ಅವರಿಬ್ಬರ ಕಥೆ ಉಳಿಯಿತು ಎಂದು ನಾನೆಂದೆ. ಗೋಡೆ ಇಲ್ಲದಿದ್ದರೆ ದಾಟಿದವನನ್ನು ಯಾರು ನೆನಪಿಡುತ್ತಾರೆ?

ಮರುದಿನ ಸವಣೂರು. ಬಸ್ ನಿಲ್ದಾಣದಲ್ಲಿ ಇಳಿದವರು ಮೊದಲು ಖಾರ ಕಟ್ಟಿಸಿಕೊಂಡೆವು, ಆಮೇಲೆ ಎಲೆ. ಸವಣೂರಿನ ಖಾರ, ಸವಣೂರಿನ ಎಲೆ ಎರಡಕ್ಕೂ ಹೊರಗಿನ ಹೊಗಳಿಕೆ ಬೇಕಿಲ್ಲ. ಬಾಯಿ ಕೆಂಪು ಮಾಡಿಕೊಂಡೇ ದೊಡ್ಡಹುಣಸೆ ಮಠಕ್ಕೆ ಹೋದೆವು. ಅಲ್ಲಿರುವುದು ಹುಣಸೆಯಲ್ಲ, ಆಫ್ರಿಕಾ ಖಂಡದ ಬಾವೊಬಾಬ್ ಮರ. ಹಣ್ಣಿನ ತಿರುಳು ಹುಳಿಯಾದ್ದರಿಂದ ನಮ್ಮ ಜನ ಅದಕ್ಕೆ ದೊಡ್ಡ ಹುಣಸೆಯೆಂದು ಹೆಸರಿಟ್ಟು ಮನೆಯದನ್ನಾಗಿ ಮಾಡಿಕೊಂಡರು. ಯಾರು ಬೀಜ ತಂದರು, ಎಂದು ತಂದರು ಎಂಬುದಕ್ಕೆ ಕಥೆಗಳಿವೆ, ಕಾಗದವಿಲ್ಲ. ಮೂರು ಮರಗಳಿದ್ದವು. 2023ರ ಮಳೆಗಾಲದಲ್ಲಿ ಒಂದು ಬೇರುಸಹಿತ ಉರುಳಿತು; ಊರವರೂ ತಜ್ಞರೂ ಸೇರಿ ಅದನ್ನು ಮತ್ತೆ ಎತ್ತಿ ನೆಟ್ಟರು. ಪರದೇಶದ ಗಿಡವೊಂದು ಬಿದ್ದದ್ದಕ್ಕೆ ಒಂದು ಊರು ಅಷ್ಟು ಮರುಗಿತಲ್ಲ, ಅದನ್ನು ಕೇಳಿಯೇ ನಮಗೆ ಊರಿನ ಮೇಲೆ ಪ್ರೀತಿ ಬಂತು.

ಸವಣೂರಿನ ನವಾಬರೂ ಹಾಗೆ ದೂರದಿಂದ ಬಂದು ಬೇರು ಬಿಟ್ಟವರು. ಮಿಯಾನಾ ಕುಲದ ಪಠಾಣರು. ಬಿಜಾಪುರದ ಆದಿಲಶಾಹಿಯ ಸರದಾರರಾಗಿದ್ದವರು. 1686ರಲ್ಲಿ ಬಿಜಾಪುರ ಔರಂಗಜೇಬನ ಕೈಗೆ ಬಿದ್ದಾಗ ಅಬ್ದುಲ್ ರವೂಫ್ ಖಾನನಿಗೆ ಬಂಕಾಪುರದ ಸೀಮೆ ಸಿಕ್ಕಿತು. ಮುಂದೆ ಗಾದಿ ಬಂಕಾಪುರದಿಂದ ಸವಣೂರಿಗೆ ಬಂತು. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ಕೂಡುವ ತನಕ ಸವಣೂರು ಒಂದು ಪುಟ್ಟ ಸಂಸ್ಥಾನವಾಗಿಯೇ ಉಳಿದಿತ್ತು.

ಈ ಊರಿನ ಇತಿಹಾಸದಲ್ಲಿ ನಾನು ವರ್ಗದಲ್ಲಿ ಮತ್ತೆಮತ್ತೆ ಹೇಳುತ್ತಿದ್ದ ಪ್ರಸಂಗ 1756ರ ಮುತ್ತಿಗೆ. ಹುಡುಗರನ್ನು ಕೇಳುತ್ತಿದ್ದೆ: ಪೇಶ್ವೆ ಬಾಳಾಜಿ ಬಾಜಿರಾವ್ ಸವಣೂರಿನ ನವಾಬನ ಮೇಲೆ ಏರಿ ಬಂದ, ಇದು ಯಾರಿಗೂ ಯಾರಿಗೂ ನಡೆದ ಯುದ್ಧ? ಹುಡುಗರು ತಕ್ಷಣ ಎರಡು ಧರ್ಮಗಳ ಹೆಸರು ಹೇಳುತ್ತಿದ್ದರು. ಆಗ ನಾನು ಕರಿಹಲಗೆಯ ಮೇಲೆ ಎರಡು ಪಟ್ಟಿ ಬರೆಯುತ್ತಿದ್ದೆ. ಪೇಶ್ವೆಯ ಕಡೆಗೆ ಹೈದರಾಬಾದಿನ ನಿಜಾಮ ಸಲಾಬತ್ ಜಂಗನ ದಂಡು ಮತ್ತು ಫ್ರೆಂಚ್ ಸೇನಾನಿ ಬುಸ್ಸಿಯ ತೋಪುಗಳು. ನವಾಬನ ಕಡೆಗೆ ಗುತ್ತಿಯ ಮರಾಠಾ ಸರದಾರ ಮುರಾರಿರಾವ್ ಘೋರ್ಪಡೆ. ಜಗಳ ಹೊತ್ತಿದ್ದು ಪೇಶ್ವೆಯ ಬಳಿ ನೌಕರಿಯಲ್ಲಿದ್ದ ಮುಜಫರ್ ಖಾನ್ ಎಂಬ ಗಾರ್ದಿ ಸರದಾರ ಬಿಟ್ಟುಬಂದು ನವಾಬನನ್ನು ಸೇರಿಕೊಂಡದ್ದರಿಂದ. ಗೆಲುವು ತಂದದ್ದು ಬುಸ್ಸಿಯ ತೋಪುಗಳು. ಮೂವತ್ತು ವರ್ಷದ ಮೇಲೆ, 1786ರಲ್ಲಿ, ಸವಣೂರನ್ನು ಹಿಡಿದವನು ಟಿಪ್ಪು ಸುಲ್ತಾನ. ಹೈದರನ ಮನೆಗೂ ಸವಣೂರಿನ ಮನೆಗೂ ಬೀಗತನವಿತ್ತು, ಅದು ಅಡ್ಡ ಬರಲಿಲ್ಲ. ಆಗ ನವಾಬ ಇದ್ದದ್ದು ಮರಾಠರ ಜೊತೆಗೆ. ಭೂಮಿ ಮತ್ತು ಕಪ್ಪಕಾಣಿಕೆಯ ಜಗಳಗಳಿಗೆ ದೇವರ ಹೆಸರು ಅಂಟಿಸುವ ಚಟ ನಮಗೆ ಆಮೇಲೆ ಹತ್ತಿತು ಎಂದೇ ನನ್ನ ಅಭಿಪ್ರಾಯ. ಆದರೆ ಎಲ್ಲ ಜಗಳಗಳೂ ಭೂಮಿಯ ಜಗಳಗಳಲ್ಲ, ಆ ಮಾತು ಮುಂದೆ ಬರುತ್ತದೆ.

ಇದೇ ಊರಿನಲ್ಲಿ ಉತ್ತರಾದಿ ಮಠದ ಸತ್ಯಬೋಧ ತೀರ್ಥರ ವೃಂದಾವನವಿದೆ. ಅವರು 1783ರಲ್ಲಿ ಇಲ್ಲಿ ವೃಂದಾವನಸ್ಥರಾದರು, ಎಂದರೆ ನವಾಬರ ಆಳ್ವಿಕೆಯ ನಡುವೆ. ನವಾಬರು ಸ್ವಾಮಿಗಳನ್ನು ಗೌರವದಿಂದ ಕಾಣುತ್ತಿದ್ದರೆಂದು ಊರಿನವರು ಇಂದಿಗೂ ಹೇಳುತ್ತಾರೆ. ಮಠದ ಅಂಗಳದಲ್ಲಿ ತಂಪಿತ್ತು. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ್ದು ಈ ಸವಣೂರಿನಲ್ಲೇ. ಆಕ್ಸ್‌ಫರ್ಡಿಗೆ ಹೋಗಿ ಇಂಗ್ಲಿಷ್ ಸಾಹಿತ್ಯ ಓದಿ ಬಂದು 'ಸಮುದ್ರದಾಚೆಯಿಂದ' ಎಂದು ಪ್ರವಾಸ ಕಥನ ಬರೆದ ಗೋಕಾಕರ ಊರಿನಲ್ಲಿ ನಿಂತು, ವಿಲಾಯತಿಗೆ ಹೋಗದೆ ಇಲ್ಲಿಗೆ ಬಂದವರು ನಾವು ಎಂದು ಇಬ್ಬರೂ ನಕ್ಕೆವು.

ಸವಣೂರಿನಿಂದ ಬಂಕಾಪುರಕ್ಕೆ. ಅದು ಶಿಗ್ಗಾಂವಿ ತಾಲ್ಲೂಕಿಗೇ ಸೇರಿದ್ದು. ರಾಷ್ಟ್ರಕೂಟ ಅಮೋಘವರ್ಷನ ನೆಚ್ಚಿನ ಸೇನಾನಿ ಬಂಕೇಯನ ಹೆಸರು ಊರಿಗೆ ನಿಂತಿದೆ. ಬಂಕೇಯನ ಮಗ ಲೋಕಾದಿತ್ಯ ಇಲ್ಲಿಂದ ಬನವಾಸಿ ನಾಡನ್ನು ಆಳುತ್ತಿದ್ದಾಗ, ಕ್ರಿ.ಶ. 898ರಲ್ಲಿ, ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಪೂಜೆ ನಡೆಯಿತೆಂದು ಆ ಗ್ರಂಥದ ಕೊನೆಯ ಪ್ರಶಸ್ತಿಯಲ್ಲಿದೆ. ಮುಂದಿನ ಶತಮಾನದಲ್ಲಿ ಅಜಿತಸೇನಾಚಾರ್ಯರು ಇಲ್ಲಿದ್ದರು. ಗಂಗರ ದೊರೆ ಮಾರಸಿಂಹ ರಾಜ್ಯ ಬಿಟ್ಟು ಬಂದು ಸಲ್ಲೇಖನ ಕೈಗೊಂಡು ಪ್ರಾಣ ಬಿಟ್ಟದ್ದು ಇದೇ ಬಂಕಾಪುರದಲ್ಲಿ, ಅವರ ಸನ್ನಿಧಿಯಲ್ಲಿ. ಶ್ರವಣಬೆಳಗೊಳದ ಶಾಸನ ಅದನ್ನು ಹೇಳುತ್ತದೆ. ನಮ್ಮ ರನ್ನನಿಗೂ ಅಜಿತಸೇನರೇ ಗುರು. ಮುಧೋಳದ ಬಳೆಗಾರರ ಮನೆಯ ಹುಡುಗನೊಬ್ಬ ಕನ್ನಡದ ಮಹಾಕವಿಯಾಗಲು ಕಾರಣವಾದ ಗುರುವಿನ ಊರು ಇದು.

ಕೋಟೆಯೊಳಗೆ ಈಗ ನವಿಲುಗಳು. 2006ರಲ್ಲಿ ಇದನ್ನು ನವಿಲುಧಾಮವೆಂದು ಘೋಷಿಸಿದರು. ಸರಕಾರದ ಜಾನುವಾರು ತಳಿ ಕೇಂದ್ರವೂ ಇಲ್ಲೇ ಇದ್ದುದರಿಂದ ಅಡವಿ ಕಡಿಯದೆ ಉಳಿದು ನವಿಲುಗಳಿಗೆ ಆಸರೆಯಾಯಿತಂತೆ. ನಗರೇಶ್ವರ ದೇವಾಲಯಕ್ಕೆ ಜನ ಕರೆಯುವ ಹೆಸರು ಅರವತ್ತು ಕಂಬದ ಗುಡಿ. ಕಂಬ ಎಣಿಸಲು ಹೋದ ಹೆಂಡತಿ ನಲವತ್ತರ ಹತ್ತಿರ ಲೆಕ್ಕ ತಪ್ಪಿ ಮೊದಲಿನಿಂದ ಶುರು ಮಾಡಿದಳು. ಕಂಬಗಳು ಕಡೆದವಲ್ಲ, ತಿರುಗಣಿಯಲ್ಲಿಟ್ಟು ತಿರುಗಿಸಿದವು ಎಂಬಷ್ಟು ನುಣುಪು. 1570ರ ದಶಕದಲ್ಲಿ ಬಿಜಾಪುರದ ಒಂದನೆಯ ಅಲಿ ಆದಿಲಶಾಹ ಈ ಕೋಟೆಯನ್ನು ಹಿಡಿದಾಗ ಒಳಗಿದ್ದ ಭಾರಿ ದೇವಾಲಯವೊಂದನ್ನು ಕೆಡವಿಸಿ ಮಸೀದಿಗೆ ತಾನೇ ಮೊದಲ ಕಲ್ಲು ಇಟ್ಟನೆಂದು ಫಿರಿಶ್ತಾ ಎಂಬ ಇತಿಹಾಸಕಾರ ಬರೆದಿದ್ದಾನೆ. ಫಿರಿಶ್ತಾ ಇದನ್ನು ದೂರುವ ದನಿಯಲ್ಲಿ ಬರೆದದ್ದಲ್ಲ, ದೊರೆಯ ಕೀರ್ತಿಯೆಂದು ಬರೆದದ್ದು. ಗೆದ್ದವರು ಕೀರ್ತಿಯೆಂದು ಬರೆಸಿದ್ದನ್ನು ಸೋತವರ ವಂಶದವರು ಗಾಯವೆಂದು ಓದುತ್ತಾರೆ. ಕೆಡವಿಸಿದವನೂ ಇಲ್ಲ, ಕೆಡವಿಸಿಕೊಂಡವರೂ ಇಲ್ಲ, ಬರವಣಿಗೆಯೊಂದೇ ಬಿಸಿಯಾಗಿ ಉಳಿದಿರುತ್ತದೆ. ಕನಕದಾಸರ ಬಾಡ ಇಲ್ಲಿಗೆ ಹತ್ತಿರವೇ. ಅಲ್ಲಿ ಹೊಸದಾಗಿ ಕಟ್ಟಿದ ಅರಮನೆಯಿದೆ, ಚೆನ್ನಾಗಿದೆ. ಆದರೆ ಕನಕದಾಸರು ಬಿಟ್ಟುಹೋದದ್ದನ್ನೇ ಅವರ ನೆನಪಿಗೆ ಕಟ್ಟಿದ್ದು ನನಗೆ ಅಷ್ಟಾಗಿ ಸೇರಲಿಲ್ಲ.

ಹಾನಗಲ್ಲಿಗೆ ಹೋಗುವ ದಾರಿಯಲ್ಲಿ ನೆಲದ ಬಣ್ಣ ಬದಲಾಗುತ್ತದೆ. ಎರೆ ಹೊಲ ಹಿಂದೆ ಉಳಿದು ಭತ್ತದ ಗದ್ದೆ, ಕೆರೆ, ಮಾವಿನ ತೋಪು ಶುರುವಾಗುತ್ತವೆ. ಇದು ಅರೆಮಲೆನಾಡು. ಶಾಸನಗಳಲ್ಲಿ ಇದು ಪಾನುಂಗಲ್ಲು, ಪಾನುಂಗಲ್ ಐನೂರು ಎಂಬ ನಾಡಿನ ರಾಜಧಾನಿ. ಕಲ್ಯಾಣದ ಚಾಲುಕ್ಯರ ಕೈಕೆಳಗೆ ಕದಂಬರ ಒಂದು ಶಾಖೆ ಇಲ್ಲಿಂದ ಆಳುತ್ತಿತ್ತು. ಜನರ ಬಾಯಲ್ಲಿ ಇದು ವಿರಾಟನಗರ, ಪಾಂಡವರು ಅಜ್ಞಾತವಾಸ ಕಳೆದ ಊರು. ಕುಂತಿಯ ಹೆಸರಿನ ದಿಬ್ಬವೂ ಇದೆ. ನಾಡಿನಲ್ಲಿ ವಿರಾಟನಗರಗಳು ಎಷ್ಟಿವೆಯೋ, ಪಾಂಡವರು ಅಡಗಿಕೊಳ್ಳುವುದರ ಬದಲು ಊರೂರು ಸುತ್ತಿದ್ದೇ ಹೆಚ್ಚೆಂದು ಕಾಣುತ್ತದೆ.

ತಾರಕೇಶ್ವರ ಗುಡಿಯ ಮಂಟಪದಲ್ಲಿ ನಿಂತು ತಲೆ ಎತ್ತಬೇಕು. ಎಂಟು ಮೂಲೆಯ ತೊಲೆಗಳ ಮೇಲೆ ಸುತ್ತುಸುತ್ತಾಗಿ ಏರುತ್ತ ಹೋಗುವ ಕಲ್ಲಿನ ಚಾವಣಿ, ನಡುವೆ ಕೆಳಮುಖವಾಗಿ ತೂಗುವ ದೊಡ್ಡ ಕಮಲ. ಅಷ್ಟು ಭಾರವನ್ನು ಅಷ್ಟು ಹಗುರವಾಗಿ ತೋರಿಸಿದವರ ಹೆಸರು ನನಗೆ ತಿಳಿಯದು. ಕುತ್ತಿಗೆ ನೋಯುವ ತನಕ ನೋಡಿ, ನೆಲದ ಮೇಲೆಯೇ ಮಲಗಿ ನೋಡಿದೆವು. ನಮ್ಮ ವಯಸ್ಸಿಗೆ ಅದೇ ಅನುಕೂಲ. ಹೊಯ್ಸಳ ವೀರಬಲ್ಲಾಳ 1196ರಲ್ಲಿ ಈ ಊರಿಗೆ ಮುತ್ತಿಗೆ ಹಾಕಿ ಆನೆಕೆರೆಯ ಬಳಿ ಬೀಡು ಬಿಟ್ಟಿದ್ದ. ಆಗ ಇಲ್ಲಿ ಆಳುತ್ತಿದ್ದ ಕದಂಬ ಕಾಮದೇವನ ಪಡೆ ಮೊದಲು ಅವನನ್ನು ಹಿಮ್ಮೆಟ್ಟಿಸಿತು. ಈ ಕಾಮದೇವನ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು, ಅಬಲೂರಿನಲ್ಲಿ ಅವನು ಮತ್ತೆ ಸಿಗುತ್ತಾನೆ.

ಹಾನಗಲ್ಲಿನಲ್ಲಿ ಹೆಂಡತಿಗೆ ಬೇಕಾಗಿದ್ದದ್ದು ಕಾಮದೇವನಲ್ಲ, ಕುಮಾರಸ್ವಾಮಿಗಳ ವಿರಕ್ತಮಠ. 1867ರಿಂದ 1930ರವರೆಗೆ ಬಾಳಿದ ಈ ಸ್ವಾಮಿಗಳು 1904ರಲ್ಲಿ ವೀರಶೈವ ಮಹಾಸಭೆಯನ್ನು, 1909ರಲ್ಲಿ ಮಲಪ್ರಭೆಯ ದಂಡೆಯ ಶಿವಯೋಗಮಂದಿರವನ್ನು ಸ್ಥಾಪಿಸಿದವರು. ಸ್ವಮತದ ಏಳಿಗೆಗೆ ಅಷ್ಟು ದುಡಿದವರು ಮತ್ತೊಬ್ಬರಿಲ್ಲ. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಹುಟ್ಟುಕುರುಡ ಹುಡುಗನೊಬ್ಬನ ದನಿ ಕೇಳಿ ಅವನನ್ನು ತಮ್ಮ ಆಸರೆಗೆ ತೆಗೆದುಕೊಂಡವರೂ ಅವರೇ. ಆ ಹುಡುಗ ಮುಂದೆ ಪಂಚಾಕ್ಷರಿ ಗವಾಯಿಗಳಾದರು. ಕರ್ನಾಟಕ ಸಂಗೀತ ಕಲಿತದ್ದಾಯಿತು. ಹಿಂದುಸ್ತಾನಿ ಸಂಗೀತ ಕಲಿಸಲು ಗುರು ಬೇಕಲ್ಲ? ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರಲ್ಲಿ ಅವರ ಶಿಕ್ಷಣವಾಯಿತು. ತನ್ನ ಮತವನ್ನು ಕಟ್ಟುವುದೂ, ಸ್ವರ ಇರುವ ಕಡೆ ಹೋಗಿ ಅದನ್ನು ಬೇಡುವುದೂ ಆ ಮಠದಲ್ಲಿ ಒಟ್ಟಿಗೆ ಇದ್ದವು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಕಾಲಕ್ಕೆ ನಾವು ಕೇಳಿದ ಸಂಗೀತದ ಬೇರು ಇಲ್ಲಿದೆ. ಗಂಗೂಬಾಯಿಯವರ ಹೆಸರಿನಲ್ಲಿ ಇರುವುದೂ ಇದೇ ಹಾನಗಲ್. ಒಂದು ಊರು ಇಷ್ಟು ಸಂಗೀತಕ್ಕೆ ತನ್ನ ಹೆಸರು ಕೊಟ್ಟ ಮೇಲೆ ಅದಕ್ಕೆ ಬೇರೆ ವಿರಾಟನಗರಿಯ ಹೆಚ್ಚುಗಾರಿಕೆ ಏಕೆ ಬೇಕು ಎಂದು ಹೆಂಡತಿ ಕೇಳಿದಳು.

ಲಾಡ್ಜಿನಲ್ಲಿ ರಾತ್ರಿಯಿಡೀ ಸೊಳ್ಳೆ. ಬೆಳಿಗ್ಗೆ ಅಕ್ಕಿಆಲೂರು, ತಿಳವಳ್ಳಿ ದಾಟಿ ಹಿರೇಕೆರೂರಿಗೆ ಬಂದು, ಅಲ್ಲಿಂದ ಆಟೋ ಮಾಡಿಕೊಂಡು ಅಬಲೂರಿಗೆ ಹೋದೆವು. ನನ್ನ ಚೀಲದಲ್ಲಿ ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಿಂದ ಮಾಡಿಸಿಕೊಂಡ ಝೆರಾಕ್ಸ್ ಹಾಳೆಗಳಿದ್ದವು. ಮುಂಬಯಿ ಸರಕಾರದ ನೌಕರಿಯಲ್ಲಿದ್ದ ಜಾನ್ ಫೇತ್‌ಫುಲ್ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಕನ್ನಡ ಸೀಮೆಯ ಕಲ್ಲುಕಲ್ಲನ್ನೂ ಓದಿದವನು. ಅಬಲೂರಿನ ಶಾಸನಗಳನ್ನು ಅಚ್ಚು ಹಾಕಿಸಿದವನೂ ಅವನೇ. ಅವನ ದೇಶವನ್ನು ನಮ್ಮ ನೆರೆಯವರು ನೋಡಿ ಬಂದರು, ಅವನು ನೋಡಿದ ಊರನ್ನು ನಾವು ನೋಡಲು ಹೋದೆವು.

ಎರಡು ಹಳೆಯ ಗುಡಿಗಳು. ಬಸವೇಶ್ವರ ಗುಡಿಯೆಂದು ಕರೆಯುವುದು ಶಾಸನದ ಬ್ರಹ್ಮೇಶ್ವರ; ಇನ್ನೊಂದು ಸೋಮೇಶ್ವರ. ದೊಡ್ಡ ಶಾಸನ ಸೋಮೇಶ್ವರನದು, ಸುಮಾರು ಕ್ರಿ.ಶ. 1200ರ ಕಾಲದ್ದು. ಅದು ಹೇಳುವ ಕಥೆ ಹೀಗೆ. ಆಳಂದೆಯ ರಾಮ ಎಂಬ ಶಿವಭಕ್ತ, ಏಕಾಂತದಲ್ಲಿ ಶಿವನನ್ನು ಪೂಜಿಸುತ್ತಿದ್ದುದರಿಂದ ಏಕಾಂತದ ರಾಮಯ್ಯ, ಅಬಲೂರಿನ ಬ್ರಹ್ಮೇಶ್ವರನ ಸನ್ನಿಧಿಗೆ ಬಂದ. ಊರಿನಲ್ಲಿ ಸಂಕಗೌಂಡನ ಮುಂದಾಳುತನದಲ್ಲಿ ಜೈನರು ಪ್ರಬಲರು. ಜಿನನೇ ದೇವರೆಂದು ಅವರು ಹಾಡುತ್ತಿದ್ದರು, ಮಾತಿಗೆ ಮಾತು ಬೆಳೆಯಿತು, ಪಂಥ ಬಿತ್ತು. ತಲೆ ಅರಿದು ಶಿವನಿಗೆ ಅರ್ಪಿಸಿ ಮರಳಿ ಪಡೆದರೆ ಜಿನನನ್ನು ತೆಗೆದು ಶಿವನನ್ನು ಸ್ಥಾಪಿಸಬೇಕು, ಓಲೆ ಬರೆದುಕೊಟ್ಟರು. ಏಳು ದಿನದ ಮೇಲೆ ತಲೆ ಮರಳಿ ಬಂತು. ಅವರು ಮಾತಿಗೆ ನಿಲ್ಲಲಿಲ್ಲ, ರಾಮಯ್ಯ ಜಿನಬಿಂಬವನ್ನು ಒಡೆದ. ದೂರು ಬಿಜ್ಜಳನ ತನಕ ಹೋಯಿತು. ಮತ್ತೊಮ್ಮೆ ತಲೆ ಕೊಡುತ್ತೇನೆ, ನಿಮ್ಮ ಬಸದಿಗಳನ್ನು ಪಣಕ್ಕಿಡಿ ಎಂದ ರಾಮಯ್ಯನಿಗೆ ಅವರು ಒಪ್ಪಲಿಲ್ಲ. ಬಿಜ್ಜಳ ಜಯಪತ್ರ ಕೊಟ್ಟ. ಮುಂದೆ ಚಾಲುಕ್ಯ ನಾಲ್ಕನೆಯ ಸೋಮೇಶ್ವರನೂ, ಅವನ ನಂತರ ಹಾನಗಲ್ಲಿನ ಆ ಕಾಮದೇವನೂ ಗುಡಿಗೆ ಊರುಗಳನ್ನು ದತ್ತಿ ಬಿಟ್ಟರು.

ಇತಿಹಾಸ ಕಲಿಸಿದವನಾಗಿ ನಾನು ಎರಡು ಸಂಗತಿಗಳನ್ನು ಹೇಳಬೇಕು. ಬಿಜ್ಜಳ 1167ರ ಸುಮಾರಿಗೆ ಅಧಿಕಾರದಿಂದ ಹೋದವನು. ಶಾಸನ ಹುಟ್ಟಿದ್ದು ಒಂದು ತಲೆಮಾರು ಕಳೆದ ಮೇಲೆ, ದತ್ತಿಯ ದಾಖಲೆಯಾಗಿ, ಗೆದ್ದ ಗುಡಿಯ ಗೋಡೆಯಲ್ಲಿ. ತಲೆಯ ಪವಾಡವನ್ನು ನಂಬುವುದು ಬಿಡುವುದು ಭಕ್ತಿಗೆ ಬಿಟ್ಟದ್ದು. ಆದರೆ ಬಸದಿ ಇತ್ತು, ಜಗಳ ಆಯಿತು, ಬಿಂಬ ಒಡೆಯಿತು, ಇದನ್ನು ಅಲ್ಲಗಳೆಯಲು ದಾರಿಯಿಲ್ಲ. ಅದನ್ನು ಮಾಡಿದವರೇ ಹೆಮ್ಮೆಯಿಂದ ಬರೆಸಿಟ್ಟಿದ್ದಾರೆ. ಸವಣೂರಿನ ಮುತ್ತಿಗೆಯ ಹಾಗೆ ಇದನ್ನು ಭೂಮಿಕಾಣಿಯ ಲೆಕ್ಕಕ್ಕೆ ಹಾಕಿ ಕೈತೊಳೆಯಲಾಗದು. ಇದು ದೇವರ ಹೆಸರಿನಲ್ಲೇ ನಡೆದ ಜಗಳ, ನಡೆಸಿದವರು ನಮ್ಮ ಪುರಾತನರು. ಬಂಕಾಪುರ ಹಿಡಿದ ಆದಿಲಶಾಹನ ಬಗ್ಗೆ ಫಿರಿಶ್ತಾ ಬರೆದ ಸಾಲು ಓದಿ ಸಿಟ್ಟು ಬರುವವರಿಗೆ ಅಬಲೂರಿನ ಸಾಲು ಓದಿದಾಗಲೂ ಅಷ್ಟೇ ಇರಿಸುಮುರಿಸಾಗಬೇಕು. ಅಲ್ಲಿ ಕೋಪ, ಇಲ್ಲಿ ಕೈಮುಗಿತ ಎಂದರೆ ಅದು ಇತಿಹಾಸದ ಓದಲ್ಲ.

ಗುಡಿಯಲ್ಲಿ ಈ ಕಥೆಯನ್ನೇ ಕಡೆದ ಶಿಲ್ಪಗಳಿವೆ. ಅಕ್ಕಪಕ್ಕ ಒಂದೆರಡು ಸಾಲಿನ ಹಳೆಗನ್ನಡ. ಇದು ರಾಮಯ್ಯ ತಲೆ ಅರಿದು ಪಡೆದ ಠಾವು ಎಂದು ಒಂದು. ಇನ್ನೊಂದರಲ್ಲಿ, ಬಸದಿಯನ್ನು ಒಡೆಯಗೊಡದೆ ಸಂಕಗಾವುಂಡ ಆಳುಗಳನ್ನೂ ಕುದುರೆಗಳನ್ನೂ ಅಡ್ಡ ನಿಲ್ಲಿಸಿದ, ರಾಮಯ್ಯ ಕಾದಿ ಗೆದ್ದು ಜಿನನನ್ನು ಒಡೆದು ಲಿಂಗ ಪ್ರತಿಷ್ಠೆ ಮಾಡಿದ ಎಂದು. ಝೆರಾಕ್ಸ್ ಹಾಳೆಯನ್ನೂ ಕಲ್ಲನ್ನೂ ಮಾರಿ ಮಾರಿ ನೋಡುತ್ತ ನಾನು ಅಕ್ಷರ ಹಿಡಿದು ಓದಿದೆ, ಹೆಂಡತಿ ಅರ್ಥ ಮಾಡಿದಳು. ಆ ಸಾಲಿನ ಹತ್ತಿರ ಆಕೆ ನಿಂತುಬಿಟ್ಟಳು. "ಸಂಕಗಾವುಂಡ ಕುದುರಿ ನಿಲ್ಲಿಸಿದ್ನಂತ. ಹರಿಹರ ಓದೂ ಮುಂದ ಅಂವಾ ನನ್ನ ಮನಸಿಗೇ ಬಂದಿರಲಿಲ್ಲ ನೋಡ್ರಿ" ಎಂದಳು. ನನಗೂ ಅಲ್ಲಿಯೇ ಹೊಳೆದದ್ದು. ಸೋತವರ ಕಡೆಯ ಶಾಸನ ಅಬಲೂರಿನಲ್ಲಿ ನನಗೆ ಕಾಣಲಿಲ್ಲ. ಆದರೆ ಗೆದ್ದವರು ತಮ್ಮ ಗೆಲುವನ್ನು ದೊಡ್ಡದು ಮಾಡಲಿಕ್ಕಾಗಿ, ಎದುರು ನಿಂತವನು ಸಾಮಾನ್ಯನಲ್ಲ ಎಂದು ತೋರಿಸಲಿಕ್ಕಾಗಿ, ಅವನ ಹೆಸರನ್ನೂ ಅವನು ಮಾಡಿದ ಕೆಲಸವನ್ನೂ ಕಲ್ಲಿಗೆ ಹಾಕಿದರು. ತನ್ನ ದೇವರ ಮನೆಯ ಬಾಗಿಲಲ್ಲಿ ಕುದುರೆ ಕಟ್ಟಿ ನಿಂತ ಮನುಷ್ಯನೊಬ್ಬ ಎಂಟುನೂರು ವರ್ಷ ಉಳಿದದ್ದು ಅವನನ್ನು ಸೋಲಿಸಿದವರ ಅಕ್ಷರದಿಂದ.

ನಮ್ಮ ಹಿಂದೆ ಮೂರು ಹುಡುಗರು ಬಂದು ನಿಂತಿದ್ದರು, ಸೂಟಿಯ ಹುಡುಗರು, ಕೈಯಲ್ಲಿ ಕ್ರಿಕೆಟ್ ಬ್ಯಾಟು. ಕಲ್ಲಿನಲ್ಲಿ ಏನು ಬರೆದಿದೆಯೆಂದು ಕೇಳಿದರು. ಹೆಂಡತಿ ಇಡೀ ಕಥೆ ಹೇಳಿದಳು, ಮಾಸ್ತರಿಕೆಯ ದನಿ ತಾನಾಗಿ ಬಂತು. ಈ ಸಲ ಸಂಕಗಾವುಂಡನ ಕುದುರೆಗಳನ್ನೂ ಸೇರಿಸಿ ಹೇಳಿದಳು. ಒಬ್ಬ, "ತಲಿ ಹೊಳ್ಳಿ ಹೆಂಗ ಕೂಡಿತ್ರಿ ಅಕ್ಕೋರ?" ಎಂದ. ಅವರೊಳಗೆ ಸಣ್ಣವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಸೋತವ್ರು ಎಲ್ಲಿ ಹೋದ್ರ್ರಿ?"

"ಎಲ್ಲೂ ಹೋಗ್ಲಿಲ್ಲಪ. ಇಲ್ಲೇ ಅದಾರ. ಈ ಜಿಲ್ಲಾದಾಗ ಇನ್ನೂ ಬಸದಿ ಅದಾವು, ಜೈನರ ಮನಿ ಅದಾವು. ನನ್ನ ಗೆಳತಿನೂ ಅವರೊಳಗಿನಾಕೀನ" ಎಂದಳು ಹೆಂಡತಿ. ಹುಡುಗ ಕಲ್ಲಿನ ಕಡೆ ನೋಡಿದ, ಆಮೇಲೆ ಆಟಕ್ಕೆ ಓಡಿದ.

ಅಬಲೂರಿನಿಂದ ಮಾಸೂರು ದೂರವಲ್ಲ. ಎರಡು ಊರುಗಳನ್ನೂ ಸರ್ವಜ್ಞನ ಕಥೆ ಹೊಲಿದಿದೆ: ತಂದೆ ಮಾಸೂರಿನ ಬ್ರಾಹ್ಮಣ ಬಸವರಸ, ತಾಯಿ ಅಬಲೂರಿನ ಕುಂಬಾರ ಹೆಣ್ಣುಮಗಳು ಮಾಳಿ. ತಲೆ ಕಡಿದುಕೊಂಡು ದೇವರನ್ನು ಸಾಧಿಸಿದ ನೆಲದಲ್ಲೇ, ಮುಂದಿನ ಕಾಲಕ್ಕೆ, ಕುಲ ಕೇಳುವವರನ್ನೆಲ್ಲ ಮೂರು ಸಾಲಿನಲ್ಲಿ ಕುಟ್ಟಿಹಾಕಿದ ಜಂಗಮನೊಬ್ಬ ಹುಟ್ಟಿದನೆಂದು ಜನ ನಂಬುತ್ತಾರೆ. ಮಾಸೂರಿನ ಹತ್ತಿರ ಕುಮುದ್ವತಿಗೆ ಕಟ್ಟಿದ ಮದಗದ ಕೆರೆಯ ಏರಿಯ ಮೇಲೆ ಸಂಜೆ ಕೂತೆವು. ವಿಜಯನಗರದ ಕಾಲದ ಕಟ್ಟೆ. ಒಮ್ಮೆ ಒಡೆದು ಹೋದ ಮೇಲೆ ಮೊದಲಿನಷ್ಟು ನೀರು ನಿಲ್ಲುವುದಿಲ್ಲವಾದರೂ, ಆ ಬೇಸಿಗೆಯಲ್ಲೂ ಗಾಳಿಗೆ ತೇವವಿತ್ತು.

ಹೆಂಡತಿ ಅಲ್ಲಿಂದಲೇ ಬೆಳಗಾವಿಗೆ ಫೋನು ಹಚ್ಚಿದಳು. ಸವಣೂರಿನ ಖಾರ ತಂದಿರುವುದು, ಕಂಬ ಎಣಿಸಿದ್ದು, ಸೊಳ್ಳೆ, ಎಲ್ಲ ಆಯಿತು. ಆಮೇಲೆ ದನಿ ಸಣ್ಣದು ಮಾಡಿ ಅಬಲೂರಿನ ಗೋಡೆಯ ಸಾಲು ಹೇಳಿದಳು. ನನಗೆ ಕೇಳುತ್ತಿದ್ದದ್ದು ಒಂದೇ ಕಡೆಯ ಮಾತು, ಬಹಳ ಹೊತ್ತು ಆ ಕಡೆಯವರೇ ಮಾತಾಡಿದರು. ಫೋನು ಇಟ್ಟ ಮೇಲೆ ಏನಂದರೆಂದು ಕೇಳಿದೆ.

"ಸಂಕಗಾವುಂಡ ಅನ್ನೂ ಅಕ್ಷರ ಚೊಲೋ ಕಾಣತಾವೇನು ಅಂತ ಕೇಳಿದ್ಲು. ಬರೋ ದೀಪಾವಳಿ ಸೂಟ್ಯಾಗ ಮೊಮ್ಮಗನ್ನ ಕರಕೊಂಡು ಬರತಾಳಂತ. ನೀವು ಆ ಝೆರಾಕ್ಸ್ ಹಾಳಿ ಜ್ವಾಕಿ ಇಡ್ರಿ" ಎಂದಳು.